ಒನಕೆ ಹಿಡಿದು ಬಂದ ಊರು

ಆ ಇಂಗ್ಲಿಷ್ ಪಿಕ್ಚರ್ ನೋಡಿ ಬಂದ ಮೇಲೆ ನಮ್ಮ ವಠಾರದಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಅದೇ ದಿನ ಥಿಯೇಟರಿನ ಅಂಗಳದಲ್ಲಿ ಸತ್ತ ಜವರಯ್ಯನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಜವರಯ್ಯ ಜಟಕಾ ಹೊಡೆಯುವವನು. ನಮ್ಮ ವಠಾರದವರು ಆಸ್ಪತ್ರೆಗೆ, ಮದುವೆಗೆ, ಸಿನಿಮಾಕ್ಕೆ ಎಲ್ಲಿಗೆ ಹೊರಟರೂ ಅವನದೇ ಗಾಡಿ. ಥಿಯೇಟರಿನ ಸೈಕಲ್ ಸ್ಟ್ಯಾಂಡನ್ನು ಗುತ್ತಿಗೆ ಹಿಡಿದಿದ್ದ ಮರಿಸ್ವಾಮಿಗೂ ಅವನಿಗೂ ಜಾಗದ ಜಗಳ. ಗೇಟಿನ ಮುಂದೆ ಜಟಕಾ ನಿಲ್ಲಕೂಡದೆಂದು ಮರಿಸ್ವಾಮಿ. ಅಪ್ಪನ ಕಾಲದಿಂದ ಇಲ್ಲೇ ನಿಲ್ಲಿಸುತ್ತಿದ್ದೇವೆ ಎಂದು ಜವರಯ್ಯ. ಆ ಮಧ್ಯಾಹ್ನದ ಆಟ ಬಿಟ್ಟಾಗ ಮರಿಸ್ವಾಮಿ ಕಬ್ಬಿಣದ ಸಲಾಕೆಯಿಂದ ಅವನ ತಲೆಗೆ ಹೊಡೆದ. ಕುದುರೆ ಬೆದರಿ ಮುಂದಕ್ಕೆ ನುಗ್ಗಿತು. ಗಾಡಿಯ ಚಕ್ರ ಬಿದ್ದವನ ಮೇಲೇ ಹಾಯಿತು.

ಇದನ್ನು ನಾನು ಕಣ್ಣಾರೆ ನೋಡಲಿಲ್ಲ. ಪರದೆ ಬೆಳ್ಳಗಾದ ಮೇಲೂ ಕುರ್ಚಿಯಲ್ಲೇ ಕುಳಿತಿದ್ದೆ. ಪಿಕ್ಚರಿನ ಆ ಒಂಟಿ ಮನುಷ್ಯ ಕುದುರೆಯೇರಿ ಹೋದ ದಾರಿಯ ಧೂಳು ಇನ್ನೂ ಇಳಿದಿಲ್ಲವೆಂದೇ ಅನ್ನಿಸುತ್ತಿತ್ತು. "ಏಳವ್ವಾ, ಮುಂದಿನ್ ಆಟಕ್ಕೆ ಗುಡಿಸ್ಬೇಕು" ಎಂದು ಬಾಗಿಲು ಕಾಯುವವನು ಎಬ್ಬಿಸಿದ. ಹೊರಗೆ ಬಂದರೆ ನಮ್ಮ ವಠಾರದವರೆಲ್ಲ ಮೆಟ್ಟಿಲ ಮೇಲೆ ನಿಂತಿದ್ದರು. ಯಾರೂ ಕೆಳಗಿಳಿದಿರಲಿಲ್ಲ. ನನ್ನ ಅಜ್ಜಿ ಒಬ್ಬಳೇ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಜವರಯ್ಯನ ಬಾಯಿಗೆ ನಮ್ಮ ಕೂಜದಿಂದ ನೀರು ಬಿಡುತ್ತಿದ್ದಳು. ನೀರು ಒಳಗೆ ಹೋಗದೆ ಕೆನ್ನೆಯ ಮೇಲೆ ಹರಿದುಬರುತ್ತಿತ್ತು.

ಮರುದಿನ ಭಾನುವಾರ. ಬೆಳಿಗ್ಗೆ ಜಗಲಿಯ ಮೇಲೆ ಪಿಕ್ಚರಿನ ಚರ್ಚೆ ಶುರುವಾಯಿತು. ಕಥೆ ಇಷ್ಟೇ. ಬಿಸಿಲಿಗೆ ಒಣಗಿದ ಒಂದು ಊರು, ಎದೆಯ ಮೇಲೆ ತಗಡಿನ ನಕ್ಷತ್ರ ಸಿಕ್ಕಿಸಿಕೊಂಡ ಅದರ ಮಾರ್ಷಲ್. ಹಿಂದೆ ಅವನೇ ಹಿಡಿದುಕೊಟ್ಟಿದ್ದ ಪಾತಕಿಯೊಬ್ಬ ಬಿಡುಗಡೆಯಾಗಿ ಸೇಡು ತೀರಿಸಿಕೊಳ್ಳಲು ಬರುತ್ತಾನೆ. ಮಾರ್ಷಲ್ ಮನೆಮನೆಯ ಬಾಗಿಲು ತಟ್ಟುತ್ತಾನೆ. ಯಾರೂ ಬರುವುದಿಲ್ಲ. ಒಬ್ಬನೇ ಹೋರಾಡಿ, ಗೆದ್ದು, ನಕ್ಷತ್ರವನ್ನು ಬಾವಿಗೆ ಎಸೆದು ಊರು ಬಿಡುತ್ತಾನೆ.

"ಆ ಊರೋರು ಮನುಷ್ಯರೇನ್ರೀ?" ಎಂದು ಗೋವಿಂದರಾಜು ತೊಡೆ ತಟ್ಟಿದ. ಅವನು ವಕೀಲರೊಬ್ಬರ ಗುಮಾಸ್ತ, ನಮ್ಮ ಎದುರು ಮನೆಯವನು. "ಬಳೆ ತೊಟ್ಕೋಬೇಕು ಅವರು! ನಾನಾಗಿದ್ರೆ ಮಾರ್ಷಲ್ ಕರೆಯೋಕ್ಮುಂಚೆ ಬೀದೀಲಿರ್ತಿದ್ದೆ."

"ನೀನು ಬೀದಿಗೆ ಬರೋದು ಬೋಂಡಾದವನು ಕೂಗಿದಾಗ ಮಾತ್ರ ಕಣಯ್ಯ" ಎಂದರು ನಿವೃತ್ತ ಮೇಷ್ಟ್ರು ಗುರುಮಲ್ಲಪ್ಪನವರು. "ಅಲ್ಲ, ತಪ್ಪು ಆ ಮಾರ್ಷಲನದೂ ಇದೆ. ಊರೇ ಹೋಗು ಅಂದ್ಮೇಲೆ ಹೋಗ್ಬೇಕಪ್ಪ. ಅದು ಧೈರ್ಯವಲ್ಲ, ಜಂಬ."

"ಮಾರ್ಷಲ್ ಹೆಂಡ್ತಿ ಸರಿಯಿಲ್ಲ" ಎಂದಳು ನೀರಿಗೆ ನಿಂತಿದ್ದ ಪ್ರೇಮಲೀಲಾ. "ನಾನಾಗಿದ್ರೆ ಜುಟ್ಟು ಹಿಡಿದು ಗಾಡಿ ಹತ್ತಿಸ್ತಿದ್ದೆ."

"ನಿಮ್ಮ ಯಜಮಾನ್ರಿಗೆ ಜುಟ್ಟೆಲ್ಲಿದೆ ತಾಯಿ?" ಎಂದ ಗೋವಿಂದರಾಜು.

ಎಲ್ಲರೂ ನಕ್ಕರು. ಮಾರ್ಷಲ್ ಪಿಸ್ತೂಲು ಹಿಡಿದದ್ದು ಯಾವ ಕೈಯಲ್ಲಿ, ಕಿಟಕಿಯ ಪರದೆ ಎಳೆದುಕೊಂಡ ಹೆಂಗಸಿನ ಗೌನು ಯಾವ ಬಣ್ಣವಿದ್ದಿರಬೇಕು ಎಂದೆಲ್ಲ ವಾದವಾಯಿತು. ಆ ಹೊತ್ತಿಗೇ ಪೊಲೀಸ್ ಠಾಣೆಯ ದಫೇದಾರ ಬಂದು ಸೈಕಲ್ ಒರಗಿಸಿ, ನಿನ್ನೆ ಥಿಯೇಟರಿನಲ್ಲಿ ಯಾರು ಏನು ನೋಡಿದಿರಿ ಎಂದು ಕೇಳಿದ.

"ಕತ್ತಲಿಂದ ಬಿಸಿಲಿಗೆ ಬಂದಿದ್ವಲ್ಲ ದಫೇದಾರ್ರೇ, ಕಣ್ಣು ಕೋರೈಸಿಬಿಟ್ಟಿತ್ತು" ಎಂದ ಗೋವಿಂದರಾಜು. ಗುರುಮಲ್ಲಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಪ್ರೇಮಲೀಲಾ ತುಂಬದ ಕೊಡವನ್ನೇ ಎತ್ತಿಕೊಂಡು ಒಳಗೆ ಹೋದಳು.

ಅಜ್ಜಿ ಹೊಸ್ತಿಲಿಗೆ ಬಂದಳು. "ನಾನು ನೋಡಿದೆನಪ್ಪ. ಬರ್ಕೋ."

ಅಪ್ಪನಿಗೆ ಅರಮನೆ ಕಚೇರಿಯಲ್ಲಿ ಕೆಲಸ. ದಫೇದಾರ ಹೋದ ಮೇಲೆ ಅಪ್ಪ ಕೂಗಾಡಿದ: "ಈ ವಯಸ್ಸಲ್ಲಿ ಕೋರ್ಟ್ ಕಟ್ಟೆ ಹತ್ತಬೇಕೇನಮ್ಮಾ? ಮರಿಸ್ವಾಮಿ ಎಂಥೋನು ಗೊತ್ತಾ? ಮನೇಲಿ ಮದುವೆಗೆ ಬಂದಿರೋ ಹುಡುಗಿ ಇದಾಳೆ."

"ಇರಲಿ. ಅವಳ ಮದುವೆಗೆ ಗಾಡಿ ಹೊಡೀಬೇಕಾದವನೇ ಹೋದನಲ್ಲೋ ದೊರೆಸ್ವಾಮಿ" ಎಂದಳು ಅಜ್ಜಿ.

ಅಜ್ಜಿಗೊಂದು ವ್ರತವಿತ್ತು. ಸಂಜೆ ದೇವರ ದೀಪ ಹಚ್ಚಿದ ಮೇಲೆ ಹೇಳುವ ಕಥೆ ಕೆಟ್ಟದಾಗಿ ಮುಗಿಯಕೂಡದು. ದೀಪದ ಎದುರು ಅಶುಭ ನುಡಿದರೆ ಅದು ಮನೆಯಲ್ಲೇ ಉಳಿಯುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದರಂತೆ. ಹಾಗಾಗಿ ನಾನು ಕೇಳಿ ಬೆಳೆದ ಕಥೆಗಳಲ್ಲಿ ಹುಲಿ ತಿಂದ ಮಗು ಹುಲಿಯ ಹೊಟ್ಟೆಯಿಂದ ಆಡುತ್ತಾ ಬರುತ್ತಿತ್ತು. ಕಾಡಿಗಟ್ಟಿದ ರಾಣಿಯನ್ನು ಕರೆತರಲು ಪಲ್ಲಕ್ಕಿ ಹೋಗುತ್ತಿತ್ತು. ಆ ವಾರ ವಠಾರದ ಮಕ್ಕಳು ಪಿಕ್ಚರಿನ ಕಥೆ ಬೇಕೆಂದು ಸುತ್ತುವರಿದಾಗಲೂ ಅಷ್ಟೆ. ಮಾರ್ಷಲ್ ಅವಳ ಬಾಯಲ್ಲಿ ತಳವಾರನಾದ. ಅವನು ಒಬ್ಬನೇ ಬೀದಿಯಲ್ಲಿ ನಿಂತಾಗ ಮೊದಲು ಒಂದು ಬಾಗಿಲು ಕಿರುಗುಟ್ಟಿತು. ಆಮೇಲೆ ಇನ್ನೊಂದು. ಒನಕೆ ಹಿಡಿದು, ಸೌಟು ಹಿಡಿದು, ಕಸಬರಿಕೆ ಹಿಡಿದು ಊರಿಗೆ ಊರೇ ಬಂತು. ಎದುರು ಮನೆಯ ಜಗಲಿಯಲ್ಲಿ ಗೋವಿಂದರಾಜು ಬೀಡಿ ಸೇದುತ್ತಾ ಕೇಳಿಸಿಕೊಂಡ. "ಚೆನ್ನಾಗಿದೆ ಅಜ್ಜಿ ನಿಮ್ ಪಿಕ್ಚರು!" ಎಂದು ನಕ್ಕ.

ಜವರಯ್ಯನ ಹೆಂಡತಿ ದೇವಿರಮ್ಮ ಬಂದದ್ದು ಹನ್ನೊಂದನೆಯ ದಿನದ ಕಾರ್ಯ ಮುಗಿಸಿ. ಜಗಲಿಯ ಕೆಳಗೇ ನಿಂತಳು.

"ಕುಡ್ಕೊಂಡು ತನ್ ಗಾಡಿ ಕೆಳಕ್ಕೆ ತಾನೇ ಬಿದ್ದ ಅಂತಾವ್ರೆ ಕಣ್ರವ್ವ ಮರಿಸ್ವಾಮಿ ಕಡೆಯೋರು. ಜೀವ್ದಲ್ಲಿ ಒಂದಿನ ಮುಟ್ಟಿದೋನಲ್ಲ ನನ್ ಗಂಡ. ಓದೋನು ಬರಾಕಿಲ್ಲ, ಗೊತ್ತು. ಕುಡುಕ ಅನ್ನೋ ಯೆಸ್ರು ಒಂದ್ ಬ್ಯಾಡ. ನೀವು ಯೋಳ್ತೀರಾ?"

"ಹೇಳ್ತೀನಿ" ಎಂದಳು ಅಜ್ಜಿ. "ಮೇಲೆ ಬಾ. ಕೂತ್ಕೋ."

ವಿಚಾರಣೆಯ ದಿನ ಅಪ್ಪ ಬರಲಿಲ್ಲ. ಬೇರೆ ಜಟಕಾದಲ್ಲಿ ನಾವಿಬ್ಬರೇ ಹೋದೆವು. "ಚೂಡಾಮಣಿಯಮ್ಮಾ" ಎಂದು ಮೂರು ಸಲ ಕೂಗಿದರು. ಅಜ್ಜಿ ಸೆರಗು ಹೊದ್ದು ಕಟಕಟೆಯಲ್ಲಿ ನಿಂತು, ಸಲಾಕೆ, ಹೊಡೆತ, ಬೆದರಿದ ಕುದುರೆ, ಚಕ್ರ ಎಲ್ಲವನ್ನೂ ನಡೆದಂತೆಯೇ ಹೇಳಿದಳು. ನ್ಯಾಯಾಧೀಶ ಸಾಹೇಬರು ತಲೆಯಾಡಿಸುತ್ತಾ ಬರೆದುಕೊಂಡರು. ನನಗೆ ಉಸಿರು ಬಂತು.

ಮರಿಸ್ವಾಮಿಯ ವಕೀಲರು ಎದ್ದರು. ಅವರ ಹಿಂದೆ ಕಡತ ಹಿಡಿದು ಕುಳಿತವನು ಗೋವಿಂದರಾಜು. ನನ್ನ ಕಡೆ ಒಮ್ಮೆ ನೋಡಿ, ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಅವನು ಯಾರ ಗುಮಾಸ್ತನೆಂದು ಅಜ್ಜಿ ಯಾವತ್ತೂ ವಿಚಾರಿಸಿರಲಿಲ್ಲ.

"ಆ ದಿನ ಪಿಕ್ಚರ್ ನೋಡಿದಿರಲ್ಲ ತಾಯಿ, ಅದರ ಕಥೆ ಮಕ್ಕಳಿಗೆ ಹೇಳಿದ್ರಂತೆ?" ವಕೀಲರ ದನಿ ಬಹಳ ಮೃದುವಾಗಿತ್ತು.

"ಹೇಳಿದೆನಪ್ಪ."

"ಕೊನೇಲಿ ಊರೋರೆಲ್ಲ ಒನಕೆ ಹಿಡ್ಕೊಂಡು ಬಂದ್ರು ಅಂದ್ರಂತೆ?"

"ಹೌದು."

"ಪಿಕ್ಚರಿನಲ್ಲಿ ಬಂದ್ರಾ?"

ಹೌದೆಂದುಬಿಡು ಎಂದು ನಾನು ಬೆಂಚಿನ ತುದಿಯನ್ನು ಒತ್ತಿ ಹಿಡಿದೆ.

"ಇಲ್ಲ. ಯಾರೂ ಬರಲಿಲ್ಲ."

"ಯಾರೂ ಬರಲಿಲ್ಲ ಅಂತ ಗೊತ್ತಿದ್ದೂ ಬಂದ್ರು ಅಂದ್ರಿ."

"ದೀಪ ಹಚ್ಚಿದ ಹೊತ್ತಲ್ವೇನಪ್ಪ ಅದು? ಮಕ್ಕಳು ಕೂತಿದ್ವು."

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲರು ನಗಲಿಲ್ಲ. "ಅಂದ್ರೆ, ನಡೆಯದ್ದನ್ನ ನಡೀತು ಅಂತ ಹೇಳೋದು ನಿಮಗೆ ಅಭ್ಯಾಸ."

"ಅದು ಕಥೆ. ಇದು ಜವರಯ್ಯ" ಎಂದಳು ಅಜ್ಜಿ. "ಬೇರೆ ಬೇರೆ ಕಣಪ್ಪ."

"ಅಷ್ಟು ಸಾಕು ತಾಯಿ."

ಅಜ್ಜಿ ಇಳಿಯಲಿಲ್ಲ. ಸಾಹೇಬರ ಕಡೆ ತಿರುಗಿ ಮತ್ತೆ ಸಲಾಕೆಯಿಂದ ಶುರುಮಾಡಿದಳು. ಜವಾನ ಅವಳ ಮೊಣಕೈ ಹಿಡಿದು ಇಳಿಸಿದ.

ತೀರ್ಪಿನ ದಿನ ಜಗಲಿಯ ಯಾರೊಬ್ಬರೂ ಬರಲಿಲ್ಲ. ಸಾಹೇಬರು ಇಂಗ್ಲಿಷಿನಲ್ಲಿ ಓದಿದರು. ಮರಿಸ್ವಾಮಿ ಕೈಮುಗಿದು ಹೊರಗೆ ಹೋದ. ಹೊರಗೆ ಅವನಿಗೆ ಯಾರೋ ಹಾರ ಹಾಕಿದರು. ದೇವಿರಮ್ಮ ಇನ್ನೂ ಬೆಂಚಿನ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ.

"ಅಮ್ಮಣ್ಣಿ, ನೀವು ಕಾಲೇಜ್ ಓದೋರು. ಏನಂದ್ರು ಅವ್ರು? ಅವ್ನ ಬಿಟ್ಬುಟ್ರಾ?"

"ಬಿಟ್ಟರು."

"ಓಗ್ಲಿ. ನಮ್ಮೋರ್ನ ಏನಂದ್ರು?"

ಅಜ್ಜಿ ನನ್ನ ಮುಖ ನೋಡಿದಳು. ನನ್ನ ನಾಲಗೆಯ ತುದಿಯಲ್ಲಿ ಇನ್ನೊಂದು ತೀರ್ಪು ಸಿದ್ಧವಾಗಿತ್ತು. ಜವರಯ್ಯ ಒಳ್ಳೆಯವನು, ಸಾಕ್ಷಿ ಸಾಲದೆ ಹೀಗಾಯಿತು, ಸಾಹೇಬರೂ ಮರುಗಿದರು. ಅದನ್ನು ಹೇಳಿದ್ದರೆ ಅವಳು ನಂಬುತ್ತಿದ್ದಳು. ನಂಬಿ ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಕೊನೆಗೊಂದು ದಿನ ಯಾರೋ ಒಬ್ಬ ಗುಮಾಸ್ತ ನಗುತ್ತಾ ಅವಳಿಗೆ ನಿಜ ಹೇಳುತ್ತಿದ್ದ.

"ಕುಡಿದು ಬಿದ್ದ ಅಂತಲೇ ಬರೆದಿದ್ದಾರೆ ದೇವಿರಮ್ಮ" ಎಂದೆ.

ಅವಳು ಅಳಲಿಲ್ಲ. ಅಜ್ಜಿಯ ಕಡೆ ತಿರುಗಿದಳು.

"ನೀವು ಯೋಳಿದ್ದು ಬರ್ಕೊಳ್ನಿಲ್ವಾ?"

"ಬರ್ಕೊಂಡರು ಕಣೇ. ನಂಬಲಿಲ್ಲ."

ದೇವಿರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದಳು. ಹೊರಗೆ ಕೋರ್ಟಿನ ಹುಣಸೆಮರದ ಕೆಳಗೆ ಜಟಕಾದವರು ಸಾಲಾಗಿ ನಿಂತಿದ್ದರು, ಜವರಯ್ಯನ ಜೊತೆಯವರು. ಅವಳು ಹತ್ತಿರ ಹೋಗುತ್ತಿದ್ದಂತೆ ಒಬ್ಬ ಕುದುರೆಗೆ ಹುಲ್ಲು ಹಾಕಲು ಬಗ್ಗಿದ. ಇನ್ನೊಬ್ಬ ಚಕ್ರದ ಕಡಾಣಿ ನೋಡತೊಡಗಿದ. ಅವಳು ಎಲ್ಲರನ್ನೂ ದಾಟಿ, ಬಿಸಿಲಿನಲ್ಲಿ ನಡೆದೇ ಹೋದಳು.