ಪಾರೀಸಣ್ಣನ ಎರಡು ಪಕ್ಕೆಲುಬು

ರುತುಜಾಳಿಗೆ ತಿಂಗಳಲ್ಲಿ ಪೂರ್ತಿ ಸಿಗುವ ರವಿವಾರ ಒಂದೇ ಒಂದು. ಆ ದಿನ ಫೋನು ಬಂದ್ ಮಾಡಿ ಹನ್ನೊಂದರ ತನಕ ಮಲಗಬೇಕು, ಎದ್ದು ಖಾರದ ಮಿಸಳ ತಿನ್ನಬೇಕು, ಸಂಜೆ ರಂಕಾಳಾ ಕೆರೆಯ ಕಟ್ಟೆಯ ಮೇಲೆ ಯಾರ ನಾಡಿಯನ್ನೂ ಹಿಡಿಯದೆ ಕೂರಬೇಕು. ಅವಳ ಚೈನಿ ಅಂದರೆ ಇಷ್ಟೇ. ಈ ಸಲ ಆ ರವಿವಾರವನ್ನೂ ಅಪ್ಪ ನುಂಗಿದ್ದರು. ಬೆಳಿಗ್ಗೆ ಆರರ ಬಸ್ಸಿಗೆ ಕೊಲ್ಹಾಪುರ ಬಿಟ್ಟು ಗಡಹಿಂಗ್ಲಜದಲ್ಲಿ ಇಳಿದಾಗ, ಹಿಂದಿನ ದಿನದ ಹನ್ನೆರಡು ತಾಸಿನ ಡ್ಯೂಟಿ ಇನ್ನೂ ಮೊಣಕಾಲಲ್ಲೇ ಇತ್ತು.

ಅಪ್ಪ ಸಿದ್ಧಲಿಂಗಪ್ಪ ಬೆಲ್ಲದ ವ್ಯಾಪಾರಿ. ಮಗಳು ಕೊಲ್ಹಾಪುರದ ದೊಡ್ಡ ಆಸ್ಪತ್ರೆಯೊಂದರ ಕ್ಯಾಜುವಲ್ಟಿಯಲ್ಲಿ, ಅಂದರೆ ಅಪಘಾತ, ಎದೆನೋವು, ಹಾವು ಕಡಿತ ಎಲ್ಲವೂ ಮೊದಲು ಬಂದು ಬೀಳುವ ಕೋಣೆಯಲ್ಲಿ, ಡಾಕ್ಟರು. ಅದು ಡಾಕ್ಟರಕಿ ಎಂದು ಅಪ್ಪ ಒಪ್ಪಿದವರೇ ಅಲ್ಲ. ಅವರ ಪ್ರಕಾರ ಡಾಕ್ಟರು ಅಂದಮೇಲೆ ಸ್ವಂತ ದವಾಖಾನಿ ಬೇಕು, ಸ್ವಂತ ಬೋರ್ಡು ಬೇಕು, ಹೊರಗೆ ಬೆಂಚಿನ ಮೇಲೆ ಕಾಯುವ ಜನ ಬೇಕು. ಅದಕ್ಕೇ ಮಗಳನ್ನು ಒಂದು ಮಾತೂ ಕೇಳದೆ ತಮ್ಮ ಅಂಗಡಿಯ ಪಕ್ಕದ ಮಳಿಗೆ ಹಿಡಿದು, ಬಣ್ಣ ಬಳಿಸಿ, ಅವಳ ಹೆಸರಿನ ಬೋರ್ಡು ಬರೆಸಿ, ಪೂಜೆಗೆ ಮಠದ ಸ್ವಾಮಿಗಳನ್ನು ಕರೆದಿದ್ದರು. ನೌಕರಿಗೆ ರಾಜೀನಾಮೆ ಕೊಟ್ಟಾಗಿದೆ ಎಂದು ಊರಿಗೆಲ್ಲ ಸಾರಿದ್ದರು. ಅವಳು ಕೊಟ್ಟಿರಲಿಲ್ಲ. ಒಲ್ಲೆ ಎಂದು ಎದುರಿಗೇ ಹೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬಂದು ನೋಡಿದರೆ ಮಳಿಗೆ ತುಂಬ ಜನ.

ಜನ ಅಂದರೆ ಬರಿಗೈಲಿ ಬಂದವರಲ್ಲ. ಒಬ್ಬರ ಕೈಯಲ್ಲಿ ಸಕ್ಕರೆ ಕಾಯಿಲೆಯ ರಿಪೋರ್ಟು, ಇನ್ನೊಬ್ಬರ ಚೀಲದಲ್ಲಿ ಮೂರು ವರ್ಷದ ಹಿಂದಿನ ಎಕ್ಸ್‌ರೇ. ಉತ್ತೂರಿನಿಂದ ಬಂದಿದ್ದ ಸೋದರತ್ತೆ ಗುರುಸಿದ್ದವ್ವ ಮಂಡಿ ತೋರಿಸುತ್ತಲೇ ಕೇಳಿದಳು: "ನೀ ಯಾತರ ಡಾಕ್ಟರವಾ? ಎದೀದಾ, ಎಲುವಿಂದಾ?"

"ಎಲ್ಲಾದ್ದಕ್ಕೂ ನೋಡ್ತೇನತ್ತಿ. ಮೊದಲನೇ ತಾಸಿನಾಗ."

"ಆಮ್ಯಾಲ?"

"ಆಮ್ಯಾಲ ಬ್ಯಾರೇದವ್ರು ನೋಡ್ತಾರ."

"ಹಂಗಾರ ನಿನ್ನ ಕೈಯಾಗ ಏನ ಉಳೀತು?" ಎಂದು ಅತ್ತೆ ಅಯ್ಯೋ ಪಾಪ ಎನ್ನುವ ಮುಖ ಮಾಡಿದಳು. ರುತುಜಾ ಹಲ್ಲು ಕಚ್ಚಿದಳು. ಬೆರಳು ಕೊಯ್ದುಕೊಂಡು ಬಂದು, ತನ್ನನ್ನೇ ಮೊದಲು ನೋಡಬೇಕೆಂದು ಬಾಗಿಲು ಒದೆಯುವವರನ್ನು ಅವಳು ದಿನಾ ನೋಡುತ್ತಾಳೆ. ಕೂಗುವಷ್ಟು ಉಸಿರಿದ್ದವನು ಕಾಯಬಹುದು, ಮೂಲೆಯಲ್ಲಿ ಬೆವರುತ್ತ ಸುಮ್ಮನೆ ಕೂತವನ ಹತ್ತಿರ ಮೊದಲು ಓಡಬೇಕು. ಇದನ್ನು ಕಲಿಯಲು ಅವಳಿಗೆ ವರ್ಷಗಳೇ ಹಿಡಿದಿದ್ದವು. ಅತ್ತೆಗೆ ಇದನ್ನೆಲ್ಲ ಯಾರು ಹೇಳಬೇಕು?

ಅಷ್ಟರಲ್ಲಿ ಇಚಲಕರಂಜಿಯ ಪಾರೀಸಣ್ಣ ಬಂದರು. ಅಪ್ಪನ ಜೊತೆ ಶಾಲೆ ಕಲಿತವರು, ಮಗ್ಗಗಳ ಮಾಲೀಕರು. ಅವಳು ಹೆಸರು ಕೇಳಿದ್ದಳೇ ಹೊರತು ಮುಖ ನೋಡಿಲ್ಲ ಎಂದುಕೊಂಡಿದ್ದಳು. ಆದರೆ ಅವರು ನಗಲು ಬಾಯಿ ತೆರೆದಾಗ ಮುಂದಿನ ಎರಡು ಹಲ್ಲಿನ ನಡುವಿನ ದೊಡ್ಡ ಸಂದು ಕಾಣಿಸಿತು, ಅವಳಿಗೆ ಗುರುತು ಹತ್ತಿತು. ಒಂದೂವರೆ ತಿಂಗಳ ಹಿಂದೆ ಆ ಬಾಯಿಯನ್ನು ಅಗಲಿಸಿ ಗಂಟಲಿಗೆ ಉಸಿರಿನ ನಳಿಕೆ ಇಳಿಸಿದವಳು ಅವಳೇ. ಕ್ಯಾಜುವಲ್ಟಿಯಿಂದ ಮೇಲಿನ ವಾರ್ಡುಗಳಿಗೆ ಹೋದವರು ಏನಾದರು ಎಂದು ಕೆಳಗಿನವರಿಗೆ ತಿಳಿಯುವುದೇ ಅಪರೂಪ. ಈ ಮನುಷ್ಯ ತನ್ನ ಕಾಲ ಮೇಲೆ ನಡೆದು ಬಂದು ಪೇಟಾ ಸುತ್ತಿಕೊಂಡು ಎದುರಿಗೆ ನಿಂತಿದ್ದಾರೆ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು.

ಪಾರೀಸಣ್ಣ ಸ್ವಾಮಿಗಳ ಮುಂದೆ ಕೂತು ಕಥೆ ಸುರು ಮಾಡಿದರು. "ನಾ ಸತ್ತ ಹುಟ್ಟಿ ಬಂದೇನ್ರಿ. ಕೊಲ್ಹಾಪುರದಾಗ ದವಾಖಾನಿ ಬಾಗಲದಾಗ ದಪ್ ಅಂತ ಬಿದ್ದೆ. ಮ್ಯಾಲಿನ ಮಜಲೆದಾಗ ಹಾರ್ಟಿನ ಡಾಕ್ಟರ ಅದಾರ, ದೇವರಂಥಾ ಮನಷ್ಯಾ. ಜೀವಾ ತಂದ ಕೈಯಾಗ ಕೊಟ್ರು. ಪೇಢೆ ಕೊಟ್ಟು ಕಾಲಿಗೆ ಬಿದ್ದ ಬಂದೇನಿ. ಆದ್ರ ಕೆಳಗ ಕ್ಯಾಜುವಲ್ಟಿಯೊಳಗ ಯಾವದೋ ಒಂದ ಹುಡುಗಿ ಇತ್ತಂತ. ಎದಿ ಒತ್ತಿ ಒತ್ತಿ ಪಕ್ಕದ ಎಲುವು, ಎರಡ ಬರಗಡಿ ಮುರದೈತ್ರಿ. ಸೀನಿದ್ರ ಜೀವಾ ಹೋಗಿ ಬರ್ತೈತಿ. ಕಲಿಯೋ ಹುಡುಗೋರನ್ನ ತಂದ ಇಡ್ತಾರ ಅಲ್ಲೆ. ಸಿದ್ಧಲಿಂಗಾ, ಮಗಳನ್ನ ಅಂಥಾ ಜಾಗಾದಿಂದ ಬಿಡಿಸಿದ್ದು ಭಾಳ ಚಲೋ ಮಾಡಿದಿ."

"ನೋಡಿದೇನ?" ಎಂಬಂತೆ ಅಪ್ಪ ಮಗಳ ಕಡೆ ತಿರುಗಿದರು. ಅವಳ ಮೈಯೆಲ್ಲ ಉರಿದುಹೋಯಿತು.

"ಕಾಕಾ, ಆ ಹುಡುಗಿ ನಾನರಿ."

ಅವಳು ಅವರ ಎದುರಿಗೆ ಬಂದು ನಿಂತಳು.

"ಹದಿನೆಂಟ ಮಿನಿಟ ನಿಮ್ಮ ಎದಿ ನಿಂತಿತ್ತು. ಬರಗಡಿ ಉಳಿಯೂ ಹಂಗ ಒತ್ತಿದ್ರ ನೀವು ಉಳೀತಿದ್ದಿಲ್ಲ. ನಿಮ್ಮನ್ನ ಮ್ಯಾಲ ಒಯ್ಯೂ ಮುಂದ ನಿಮ್ಮ ಎದಿ ಬಡಿಯಾಕತ್ತಿತ್ರಿ."

ಪಾರೀಸಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಸ್ವಲ್ಪ ಹಗೂರ ಒತ್ತಾಕ ಬರ್ತಿದ್ದಿಲ್ಲೇನವಾ?"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವಳ ರಟ್ಟೆ ಹಿಡಿದು ಪರದೆಯ ಹಿಂದೆ, ರೋಗಿ ನೋಡುವ ಹೊಸ ಮಂಚದ ಹತ್ತಿರ ಕರೆದುಕೊಂಡು ಹೋದರು.

"ಪೂಜಾ ದಿನ ಸಾಯೂ ಮಾತ ಯಾಕ ತಗದಿ?"

"ನಾ ತಗದಿಲ್ಲ. ಅವರ ತಗದ್ರು."

ಅಪ್ಪ ಮಂಚದ ಮೇಲಿನ ಚಾದರ ಎಳೆದು ಸರಿಮಾಡಿದರು. "ಹದಿನೆಂಟ ಮಿನಿಟ ನೀ ಒಬ್ಬಾಕೀನ ಒತ್ತಿದೇನು?"

ಆರು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟು ಅವಳು ಇದ್ದದ್ದು ಹೇಳಿದಳು.

"ಇಲ್ಲಪ್ಪಾ. ಎರಡ ಮಿನಿಟಕ್ಕ ಕೈ ಸೋಲ್ತಾವು. ನಾ ಬಿಟ್ಟಕೂಡ್ಲೆ ನರ್ಸ ಅವಿನಾಶ ಒತ್ತೂದು, ಅವ ಬಿಟ್ಟಕೂಡ್ಲೆ ನಾನು. ಒಬ್ಬಾಕಿ ಇಂಜೆಕ್ಷನ್ ಕೊಡಾಕತ್ತಿದ್ಲು. ಮೂರ ಸಲ ಶಾಕ್ ಕೊಟ್ವಿ."

"ಇಲ್ಲೆ ಹಂಗ ಯಾರರ ಬಿದ್ರ?"

"ಇಲ್ಲೆ ನಾ ಒಬ್ಬಾಕಿ. ಮಶೀನಿಲ್ಲ, ಏನಿಲ್ಲ. ಕೈ ಸೋಲೂತನಾ ಒತ್ತತೇನಿ. ಆಮ್ಯಾಲ ಅವ್ರು ಸಾಯೂದು ನೋಡಕೋಂತ ಕೂಡಬೇಕು. ನನಗ ಅದ ಆಗೂದಿಲ್ಲರಿ."

ಅಪ್ಪ ಅವಳ ಅಂಗೈಗಳನ್ನು ನೋಡುತ್ತ ನಿಂತರು. ಚಿಕ್ಕ ಕೈಗಳು. ಹೊರಗಿನಿಂದ ಸ್ವಾಮಿಗಳ ದನಿ ಕೇಳಿತು: "ಸಿದ್ಧಲಿಂಗಾ, ಮುಹೂರ್ತ ಮೀರಾಕತ್ತೈತಿ. ಮಗಳು ನಾಳಿಂದನ ಇಲ್ಲೆ ಕೂಡ್ತಾಳನಪಾ?"

ಅಪ್ಪ ಪರದೆ ಸರಿಸಿ ಹೊರಗೆ ಬಂದರು. ಊರ ಮುಂದೆ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತಗೊಂಡ ಮನುಷ್ಯ ಅಲ್ಲ ಅವರು. ಅಂಗಿಯ ಗುಂಡಿ ಹಿಡಿದುಕೊಂಡೇ ನಿಂತರು.

"ಇಲ್ರಿ ಸ್ವಾಮ್ಯಾರ. ಆಕಿ ರಾಜೀನಾಮೆ ಕೊಟ್ಟಿಲ್ಲ, ನಾನ ಸುಳ್ಳ ಹೇಳಿದ್ನಿ. ನಾಳೆ ಆಕೀಗೆ ಡ್ಯೂಟಿ ಐತಿ." ಹೇಳಿದ ಅವಮಾನಕ್ಕೆ ಅವರಿಗೆ ಸಿಟ್ಟು ಬಂತು. ಆ ಸಿಟ್ಟು ಗೆಳೆಯನ ಮೇಲೆ ಹರಿಯಿತು. "ನೀ ಏನ ನೋಡ್ತಿ ಪಾರೀಸಾ? ಮೊದಲ ಆಕೀಗೆ ಕೈ ಮುಗಿ. ಆಮ್ಯಾಲ ನಾಷ್ಟಾ."

ಪಾರೀಸಣ್ಣ ಗಡಬಡಿಸಿ ಎದ್ದರು. ಕೈ ಎತ್ತಿದರು, ಪಕ್ಕೆ ಚುಳಕ್ಕೆಂದಿತು, ಅರ್ಧಕ್ಕೇ ಇಳಿಸಿದರು. ಇನ್ನೊಮ್ಮೆ ಎತ್ತಿದರು. ರುತುಜಾ ಮುಂದೆ ಹೋಗಿ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಬೆಳಗಿನಿಂದ ಕಟ್ಟಿದ್ದ ಸಿಟ್ಟು ಅಳುವಾಗಿ ಹೊರಬಂತು, ಅವಳ ಬೆರಳು ಮಾತ್ರ ತಾನಾಗೇ ಅವರ ನಾಡಿಯ ಮೇಲೆ ಕೂತಿತ್ತು.