ಚಪ್ಪಟೆ ಮೀಥೇನ್

ಎಂಬತ್ತೇಳರಲ್ಲಿ ರಾಣೆಬೆನ್ನೂರಿನ ವಿಜ್ಞಾನ ಪ್ರದರ್ಶನಕ್ಕೆ ಮೀಥೇನ್ ಅಣುವಿನ ಮಾದರಿ ಒಯ್ಯಬೇಕೆಂಬ ಹುರುಪು ಬ್ಯಾಡಗಿಯ ಬಾಳಕೃಷ್ಣ ಮಾಸ್ತರನಿಗೆ ಹತ್ತಿತು. ಸಗಣಿ ಗ್ಯಾಸಿನಲ್ಲಿ ಉರಿಯುವುದು ಇದೇ ಮೀಥೇನ್: ನಡುವೆ ಒಂದು ಇಂಗಾಲ, ಅದಕ್ಕೆ ನಾಲ್ಕು ಜಲಜನಕ. ಕಟ್ಟಿಗೆಯ ಗುಂಡು ಮಾಡಿ, ಕಡ್ಡಿ ಸಿಗಿಸಲು ನಡುವಿನದಕ್ಕೆ ತೂತು ಹೊಡೆದುಕೊಡಲು ಲೇತ್ ಅಂಗಡಿಯ ಕುತುಬುದ್ದೀನನಿಗೆ ಹೇಳಿದ. ಲಟ್ಟಣಿಗೆ, ತೊಟ್ಟಿಲ ಗೊಂಬೆ ಅಂದರೆ ಊರೆಲ್ಲ ಅವನ ಅಂಗಡಿಗೇ ಬರುತ್ತಿತ್ತು.

ಮಾಸ್ತರ ಕೊಟ್ಟ ಚೀಟಿಯಲ್ಲಿ ಕೂಡಿಸುವ ಗುರುತಿನಂಥ ಚಿತ್ರ, ಕೆಳಗೆ ಎರಡು ಸಾಲು ಬರಹ. ಕುತುಬುದ್ದೀನ ಅದನ್ನು ತಿರುವಿ ತಿರುವಿ ನೋಡಿದ.

“ಮಾಸ್ತರ, ಈ ನಾಲ್ಕೂ ಒಂದರಿಂದೊಂದು ಆದಷ್ಟು ದೂರ ಸರೀತಾವು ಅಂದ್ರಿ. ಮತ್ತ ಚಪ್ಪಟಿ ಯಾಕ ಕುಂದ್ರತಾವ್ರಿ? ಮ್ಯಾಲ ಕೆಳಗ ಇಷ್ಟ ಜಾಗಾ ಖಾಲಿ ಐತೆಲ್ಲ?”

“ಪುಸ್ತಕಕ್ಕಿಂತ ನೀವ ಶಾಣ್ಯಾರೇನು, ಸಾಬರ? ಚಿತ್ರದಾಗ ಇದ್ದಂಗ ತೂತು ಹೊಡೀರಿ!”

ಗಿರಾಕಿಗಳು ನಕ್ಕರು. ಕುತುಬುದ್ದೀನನೂ ನಕ್ಕು ತೂತು ಕೊರೆಯುವ ಬರ್ಮಾ ಕೈಗೆತ್ತಿಕೊಂಡ.

ಪ್ರದರ್ಶನದಲ್ಲಿ ಹಾವೇರಿಯ ಹೆಡ್‌ಮಾಸ್ತರು ಅಣ್ಣಾಜಿ ಮಾದರಿಯನ್ನು ಎತ್ತಿ ಹಿಡಿದರು. “ಭಾಳ ನುಣುಪು ಐತ್ರಿ ಕೆಲಸ! ಯಾರು ಮಾಡಿದ್ದು? ನಮ್ಮ ಸಾಲಿಗೂ ಹತ್ತು ಬೇಕಾಗಿದ್ದವು.” ಆಮೇಲೆ ಕನ್ನಡಕ ಏರಿಸಿಕೊಂಡರು. “ಅಲ್ರಿ ಬಾಳಕೃಷ್ಣ, ಮೀಥೇನ್ ಚಪಾತಿ ಆಗೇತಲ್ಲ? ಕಾಗದ ಚಪ್ಪಟಿ ಐತಿ ಅಂತ ಚಿತ್ರಾನೂ ಚಪ್ಪಟಿ ತಗೀತಾರ. ಅಣು ಹಂಗ ಇರೂದಿಲ್ಲ. ಕೋನ ನೂರಾ ಒಂಬತ್ತು ಡಿಗ್ರಿ ಬೇಕು, ನೀವು ತೊಂಬತ್ತಕ್ಕ ಕುಂದರಿಸೀರಿ.”

ಸುತ್ತಲಿನ ಮಾಸ್ತರರು ಗೊಳ್ಳೆಂದರು. ಬಾಳಕೃಷ್ಣನ ಕಿವಿ ಕಾದವು. “ನಾ ಸರಿಯಾಗೇ ಬರದು ಕೊಟ್ಟಿದ್ನಿರಿ,” ಎಂದುಬಿಟ್ಟ. “ಲೇತಿನವ ತೂತು ತಪ್ಪಿ ಹೊಡದಾನ.”

“ಹಂಗಾರ ಆ ಹತ್ತು ಅವನ ಕಡಿಂದ ಬ್ಯಾಡ ಬಿಡ್ರಿ,” ಅಂದರು ಅಣ್ಣಾಜಿ.

ಬಾಳಕೃಷ್ಣ ತಿರುಗಿ ನೋಡಿದರೆ ಹಿಂದೆಯೇ ಕುತುಬುದ್ದೀನ ನಿಂತಿದ್ದ. ಒಗೆದ ಟೊಪ್ಪಿಗೆ ಹಾಕಿಕೊಂಡು, ತನ್ನ ಕೈಕೆಲಸ ತೋರಿಸಲು ಹೆಂಡತಿ ಸಕೀನಾಬಿಯನ್ನೂ ಕರೆತಂದಿದ್ದ. ಆಕೆ ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ: “ಹೌದ್ರಿ ಸಾಹೇಬ್ರ. ನನ್ನ ಕೈನ ತಪ್ಪೇತಿ.”

ಬಾಳಕೃಷ್ಣ ಆ ಸಂಜೆ ಬಸ್ಸಿನಲ್ಲಿ ಅವರಿಬ್ಬರಿಗೂ ಕಾಣದ ಹಾಗೆ ಮುಂದಿನ ಸೀಟಿನಲ್ಲಿ ಮುದುಡಿ ಕೂತ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದಾಗ ಹಲಗೆಯ ಮೇಲೆ ಹೊಸ ಮಾದರಿ ಕೂತಿತ್ತು.

“ಬರ್ರಿ ಮಾಸ್ತರ. ಮೂರು ಕಾಲಿನ ಸ್ಟೂಲ್ ಇದ್ದಂಗ ಮಾಡೇನಿ, ನಾಲ್ಕನೇದು ನೆಟ್ಟಗ ಮ್ಯಾಲ. ಹೆಂಗ ಒಗದ್ರೂ ಹಂಗ ಕುಂದ್ರತೈತಿ!” ಕುತುಬುದ್ದೀನ ಒಗೆದೂ ತೋರಿಸಿದ. ನಿನ್ನೆಯ ಮಾತೇ ಇಲ್ಲ. ಬೈದಿದ್ದರೆ ಚಲೋ ಇತ್ತು ಅನ್ನಿಸಿತು ಬಾಳಕೃಷ್ಣನಿಗೆ.

“ನಾ ಕೊಟ್ಟ ಚೀಟಿ ಎಲ್ಲೈತ್ರಿ?”

“ಅದಾ? ಒಲಿಗೆ ಹೋತ್ರಿ. ಬಿಡ್ರಿ ಅತ್ಲಾಗ.”

“ಸುಳ್ಳು ಹೇಳೂದು ನಿಮಗೂ ಕಲಿಸಿದ್ರೇನು ಮಾಸ್ತರು?” ಒಳಗಿಂದ ಬಂದ ಸಕೀನಾಬಿ ಚೀಟಿಯನ್ನು ಹಲಗೆಯ ಮೇಲಿಟ್ಟು, ಅದು ಹಾರದಂತೆ ಒಂದು ಲಟ್ಟಣಿಗೆ ಹೇರಿದಳು. ‘ನಾಲ್ಕು ತೂತು, ಸುತ್ತಲೂ ಒಂದೇ ಮಟ್ಟದಲ್ಲಿ.’ ಕೆಳಗೆ ಎರಡು ಗೆರೆ ಎಳೆದು: ‘ಚಿತ್ರದಲ್ಲಿದ್ದಂತೆಯೇ.’ ಮುತ್ತಿನಂಥ ಅಕ್ಷರ. ಅದರ ಮೇಲೆ ಬಾಳಕೃಷ್ಣನಿಗೆ ಅಭಿಮಾನವೂ ಇತ್ತು.

ಚೀಟಿ, ಮಾದರಿ ಎರಡನ್ನೂ ಎತ್ತಿಕೊಂಡು ಹಾವೇರಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಅಣ್ಣಾಜಿಯವರ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

“ಏನ್ರಿ, ಮತ್ತೇನ ತಪ್ಪು ಮಾಡಿದ ನಿಮ್ಮ ಲೇತಿನವ?”

ಬಾಳಕೃಷ್ಣ ಹೊಸ ಮಾದರಿಯನ್ನು ಮೇಜಿನ ಮೇಲಿಟ್ಟು ಚೀಟಿ ಚಾಚಿದ. ಅವರು ಓದಿದರು, ಮತ್ತೊಮ್ಮೆ ಓದಿದರು.

“ಯಾರ ಅಕ್ಷರಾ ಇದು?”

“ನಂದ್ರಿ.” ನೆಲ ನೋಡುತ್ತಲೇ ಹೇಳಿದ. “ಚಪ್ಪಟಿ ಯಾಕ ಅಂತ ಅವರು ಮದ್ಲ ಕೇಳಿದ್ರು. ನಾನ ಬಾಯಿ ಮುಚ್ಚಿಸಿದೆ.”