ತೋಳು ತೂರುವಷ್ಟು ಕಿಂಡಿ

ಪಕ್ಕದ ಮನೆಯ ಹಿಲ್ಡಾಳ ಹಿಂಬಾಗಿಲಿಗೆ ಬೆಕ್ಕು ನುಸುಳುವಂಥ ಮುಚ್ಚಳದ ಕಿಂಡಿ ಕೂರಿಸಲು ನನ್ನ ಗಂಡ ಕ್ಲಿಫರ್ಡ್ ಎರಡು ವಾರ ತೆಗೆದುಕೊಂಡ. ಬೇರೆ ಯಾರಿಗಾದರೂ ಅದು ಒಂದು ಬೆಳಗಿನ ಕೆಲಸ. ಆದರೆ ಇವನು ಬಸ್ ಡಿಪೋದಲ್ಲಿ ಜೀವಮಾನವೆಲ್ಲ ಬ್ರೇಕು ಪರೀಕ್ಷೆ ಮಾಡಿದವನು. ಕೈಗೊಂದು ಸ್ಕ್ರೂ ಕೊಟ್ಟರೂ ಅದರಿಂದ ಯಾರಿಗೆ ಏನು ಅಪಾಯವಾದೀತು ಎಂದು ಮೊದಲು ಯೋಚಿಸುತ್ತಾನೆ. ನನ್ನನ್ನು ಮದುವೆಯಾಗುವ ಮುಂಚೆಯೂ ಹೀಗೇ ಯೋಚಿಸಿದ್ದ, ನಾಲ್ಕು ವರ್ಷ.

ಹ್ಯಾಲಿಫ್ಯಾಕ್ಸ್‌ನಲ್ಲಿ ನಮ್ಮ ಬೀದಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಈ ಕಡೆ ಸೀನಿದರೆ ಆ ಕಡೆಯವರು ಕರ್ಚೀಫು ಹುಡುಕುತ್ತಾರೆ. ಹಿಲ್ಡಾ ಒಬ್ಬಳೇ ಇದ್ದಳು. ಎಂಬತ್ತು ದಾಟಿದ, ಹಿಡಿಯಷ್ಟು ಗಾತ್ರದ ಹೆಂಗಸು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ನಿವೃತ್ತಳಾದವಳು, ಆದ್ದರಿಂದ ಈ ಊರಿನ ಅರ್ಧ ಜನರನ್ನು "ಬಟಾಣಿ ತಿನ್ನದವನು", "ಎರಡು ಸಲ ಪುಡಿಂಗ್ ಕೇಳಿದವಳು" ಎಂದೇ ಗುರುತಿಸುತ್ತಿದ್ದಳು. ಅವಳ ಬೆಕ್ಕು ಮೈಯೆಲ್ಲ ಕಪ್ಪು, ಕತ್ತಿನ ಹತ್ತಿರ ಮಾತ್ರ ಪಾದ್ರಿಗಳ ಕಾಲರಿನಂಥ ಬಿಳಿ ಪಟ್ಟಿ. ಹೆಸರು ಬಿಷಪ್. ಗತ್ತೂ ಹಾಗೇ ಇತ್ತು. ಹೊರಗೆ ಬಿಟ್ಟರೆ ಒಳಗೆ ಬರಬೇಕು, ಒಳಗೆ ಬಿಟ್ಟರೆ ಹೊರಗೆ ಹೋಗಬೇಕು. ಹಿಲ್ಡಾಳ ಮಂಡಿಗಳು ಇದನ್ನು ಸಹಿಸುವ ಸ್ಥಿತಿಯಲ್ಲಿರಲಿಲ್ಲ.

"ಈ ಮಹಾಶಯನಿಗೆ ಬಾಗಿಲು ತೆಗ್ದು ತೆಗ್ದೇ ನಾನೊಂದಿನ ಬಿದ್ದು ಸಾಯ್ತೀನಿ ನೋಡು," ಎಂದಳು ಅಕ್ಟೋಬರಿನಲ್ಲಿ, ಬಟ್ಟೆ ಒಣಹಾಕುತ್ತ.

ಆ ಮಾತು ಕ್ಲಿಫರ್ಡನ ಕಿವಿಗೆ ಬಿತ್ತು. ಮರುದಿನವೇ ಟೇಪು ಹಿಡಿದು ಹೊರಟ. ಬೆಕ್ಕಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರ, ಭುಜ ಎಷ್ಟು ಅಗಲ ಎಂದೆಲ್ಲ ಅಳೆದ. ಬಿಷಪ್ ಅವನ ಮುಂಗೈಗೆ ಒಂದು ಗೀರು ಕೊಟ್ಟಿತು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಗಂಡನಿಗೆ ಬೆಕ್ಕಿನಿಂದ ಕಳ್ಳನ ಯೋಚನೆ ಬಂತು.

"ಬಾಗಿಲಿಗೆ ತೂತು ಕೊರೆದ್ರೆ ಬೆಕ್ಕೊಂದೇ ಬರಲ್ಲ ಹಿಲ್ಡಾ, ಕಳ್ಳನ ಕೈಯೂ ಬರುತ್ತೆ. ನೀವು ಬೀಗದ ಕೈನ ಬಾಗಿಲಲ್ಲೇ ನೇತಾಡಕ್ಕೆ ಬಿಟ್ಟಿರ್ತೀರಿ. ತೋಳು ತೂರಿಸಿ ತಿರುಗಿಸಿದ್ರೆ ಮುಗೀತು ಕಥೆ."

"ನನ್ ಮನೇಲಿ ಕದಿಯಕ್ಕೆ ಏನಿದೆಯೋ? ಬಂದ್ರೆ ಬರ್ಲಿ, ಸೌಟಲ್ಲಿ ಒಂದು ಬಿಡ್ತೀನಿ."

ಕ್ಲಿಫರ್ಡ್ ಬೀಗದಿಂದ ಆದಷ್ಟು ದೂರಕ್ಕೆ, ತಿರುಗಣಿಯ ಕಡೆಯ ಕೆಳಮೂಲೆಯಲ್ಲಿ ಕಿಂಡಿ ಕೊರೆದ. ಬೀಗದ ಕೈ ತೆಗೆದು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿಸಿದ. ಅದೂ ಸಾಲದೆಂದು ಬಾಗಿಲ ಮೇಲ್ಗಡೆ ಒಂದು ದಪ್ಪ ಚಿಲಕ ಜಡಿದ. ಮುಂಬಾಗಿಲಿಗೂ ಕೆಳಗಡೆ ಒಂದು. ಆಮೇಲೆ ಪರೀಕ್ಷೆ. ಅಷ್ಟುದ್ದದ ಮನುಷ್ಯ ಹಿತ್ತಲಿನ ಕಲ್ಲಿನ ಮೇಲೆ ಬೋರಲು ಮಲಗಿ, ಭುಜದವರೆಗೆ ತೋಳನ್ನು ಕಿಂಡಿಯೊಳಗೆ ತೂರಿಸಿ ಕಳ್ಳನ ಹಾಗೆ ತಡಕಾಡಿದ. ಒಳಗಿನಿಂದ ಹಿಲ್ಡಾ ಅವನ ಬೆರಳಿನ ಗಿಣ್ಣಿಗೆ ಸೌಟಿನಿಂದ ಟಪ್ಪೆಂದು ಕೊಟ್ಟಳು. "ಅಯ್ಯೋ!" ಎಂದು ಇವನು ಕೂಗಿದ್ದು, ಅವಳು ಒಳಗೆ ಕೆಮ್ಮು ಬರುವವರೆಗೆ ನಕ್ಕಿದ್ದು, ನಾನು ಬೇಲಿ ಹಿಡಿದುಕೊಂಡು ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ.

"ಬೀಗನೂ ಸಿಗಲ್ಲ, ಚಿಲಕನೂ ಸಿಗಲ್ಲ," ಎಂದು ಎದ್ದು ಮಂಡಿ ಒರೆಸಿಕೊಂಡ ಕ್ಲಿಫರ್ಡ್. "ಯಾವನಿಗೂ ಸಾಧ್ಯ ಇಲ್ಲ."

ಅಷ್ಟು ಸಂತೋಷ ಅವನ ಮುಖದ ಮೇಲೆ ನಾನು ಕಂಡದ್ದು ಕಡಿಮೆ. ಬಿಷಪ್ ಮಾತ್ರ ಮೂರು ದಿನ ಕಿಂಡಿಯ ಮುಂದೆ ಕೂತು ಬಾಗಿಲು ತೆಗೆಯಿರೆಂದು ಕೂಗಿತು. ನಾಲ್ಕನೆಯ ದಿನ ಯಾರೂ ನೋಡದಿದ್ದಾಗ ತಾನಾಗಿ ನುಸುಳಿತು. ಅಂದಿನಿಂದ ನಮ್ಮ ಗೋಡೆಯಾಚೆ ಹಗಲೆಲ್ಲ ಮುಚ್ಚಳದ ಟಕ್, ಟಕ್.

ಕ್ರಿಸ್ಮಸ್ಸಿನ ಮರುದಿನ ಹಿಲ್ಡಾ ನಮ್ಮಲ್ಲಿಗೆ ಮಧ್ಯಾಹ್ನದ ಊಟಕ್ಕೆ ಬರುವುದು ವಾಡಿಕೆ. ಹಿಂದಿನ ದಿನ ಉಳಿದ ಟರ್ಕಿ ಕೋಳಿ, ವಿನೆಗರ್‌ನಲ್ಲಿ ನೆನೆಸಿದ ಈರುಳ್ಳಿ, ಆಲೂಗಡ್ಡೆ. ಅವಳು ತರುವುದು ಪ್ರತಿ ವರ್ಷವೂ ಒಂದು ಡಬ್ಬಿ ಬೆಣ್ಣೆ ಬಿಸ್ಕತ್ತು. ಊಟದ ಹೊತ್ತಿಗೆ ಒಂದು ನಿಮಿಷವೂ ಆಚೀಚೆ ಆಗುವವಳಲ್ಲ. ಆ ದಿನ ಆಲೂಗಡ್ಡೆ ಆರಿತು, ಗ್ರೇವಿಯ ಮೇಲೆ ಕೆನೆಗಟ್ಟಿತು, ಹಿಲ್ಡಾ ಬರಲಿಲ್ಲ.

"ಹೋಗಿ ಕರ್ಕೊಂಡು ಬಾರೋ," ಎಂದೆ.

"ಈಗ್ಲೇ ಹೋಗಿ ಬಾಗಿಲು ಬಡಿದ್ರೆ ಅವಸರ ಮಾಡ್ದಂಗಾಗುತ್ತೆ ಬ್ರೆಂಡಾ. ತಲೆ ಬಾಚ್ಕೋತಿರ್ತಾರೆ. ಮುಜುಗರ ಆಗಲ್ವಾ ಅವ್ರಿಗೆ?"

ನಾವು ಹೀಗೇ. ಮೂವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದವರು. ಅವಳ ಮನೆಯ ಬದಲಿ ಬೀಗದ ಕೈಗಳು ನಮ್ಮ ಅಡುಗೆಮನೆಯಲ್ಲಿ, ನಮ್ಮವು ಅವಳಲ್ಲಿ. ಆದರೂ ಕರೆಯದೆ ಬಾಗಿಲು ಬಡಿಯಲು ಜೀವ ಹಿಂಜರಿಯುತ್ತದೆ. ಕೊನೆಗೆ ನಾನು ಒಂದು ತಟ್ಟೆಗೆ ಎಲ್ಲ ಬಡಿಸಿ ಮುಚ್ಚಿಕೊಟ್ಟು, "ಮೆಟ್ಟಿಲ ಮೇಲಿಟ್ಟು ಬಾ, ಹಾಗಾದ್ರೂ ಗೊತ್ತಾಗುತ್ತೆ," ಎಂದು ಅವನನ್ನು ದಬ್ಬಿದೆ. ನಾನೂ ಶಾಲು ಹೊದ್ದು ಹಿಂದೆಯೇ ಹೋದೆ.

ತಟ್ಟೆ ಇಡಲು ಅವನು ಬಗ್ಗಿದಾಗ ಕಿಂಡಿಯೊಳಗಿಂದ ದನಿ ಬಂತು.

"ಕ್ಲಿಫರ್ಡಾ? ಗಾಬರಿ ಆಗ್ಬೇಡ ಕಣಪ್ಪ. ಸ್ವಲ್ಪ ಬಿದ್ದಿದ್ದೀನಿ. ಸೊಂಟ ಮುರಿದಂಗಿದೆ."

ತಟ್ಟೆ ಮೆಟ್ಟಿಲ ಮೇಲೆ ಚೂರಾಯಿತು. ನಾನು ಓಡಿ ಬದಲಿ ಬೀಗದ ಕೈ ತಂದೆ. ಬೀಗವೇನೋ ಸಲೀಸಾಗಿ ತಿರುಗಿತು, ಬಾಗಿಲು ಅಲುಗಲಿಲ್ಲ. ಮೇಲೆ ಕ್ಲಿಫರ್ಡನ ಚಿಲಕ ಬಿಗಿಯಾಗಿ ಕೂತಿತ್ತು. ಅವನು ಭುಜ ಕೊಟ್ಟು ಒಮ್ಮೆ ಗುದ್ದಿದ್ದೇ ತಡ, ಒಳಗೆ ಹಿಲ್ಡಾ ಚೀರಿದಳು. ಅಂಥ ಸದ್ದು ಅವಳ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅವಳು ಬಿದ್ದಿದ್ದು ಬಾಗಿಲಿಗೇ ಒರಗಿ. ಚಿಲಕ ಮುರಿದರೂ ಅವಳ ಮುರಿದ ಸೊಂಟದ ಮೇಲೆಯೇ ತಳ್ಳಬೇಕು.

ಕ್ಲಿಫರ್ಡ್ ಕೋಟು ಬಿಸಾಕಿ ಬೋರಲು ಮಲಗಿದ. ಭುಜದವರೆಗೆ ತೋಳು ತೂರಿಸಿದ. ಅಕ್ಟೋಬರಿನಲ್ಲಿ ಮಲಗಿದ್ದ ಅದೇ ಕಲ್ಲು, ಈಗ ಅದರ ಮೇಲೆ ಹಿಮ ಗಟ್ಟಿಯಾಗಿತ್ತು.

"ಸಿಕ್ತು," ಎಂದ. "ಕೈ ಸಿಕ್ತು. ಅಯ್ಯೋ ದೇವರೇ, ಮಂಜುಗಡ್ಡೆ ಆಗಿದ್ದೀರಲ್ಲ ಹಿಲ್ಡಾ."

"ನಿನ್ನ ಕೈ ಎಷ್ಟು ಬಿಸಿ ಇದೆಯೋ," ಎಂದಳು ಅವಳು. "ಊಟ ಕೆಡಿಸ್ದೆ ಅಲ್ವಾ ನಿಮ್ದು? ಬ್ರೆಂಡಾ ಬೈತಿದ್ದಾಳಾ?"

ನಾನು ಬೈಯುತ್ತಲೇ ಇದ್ದೆ, ಫೋನಿನಲ್ಲಿ, ಆಂಬುಲೆನ್ಸಿನವರಿಗೆ. ಆ ಕಡೆಯ ಹುಡುಗಿ ಪಾಪ ಮರ್ಯಾದಸ್ಥೆ. ಗುಡ್ಡದ ರಸ್ತೆಗಳೆಲ್ಲ ಹಿಮಗಟ್ಟಿವೆಯಂತೆ, ಹಬ್ಬವಂತೆ, ಆಂಬುಲೆನ್ಸೂ ಬೆಂಕಿ ಆರಿಸುವವರ ಗಾಡಿಯೂ ಹೊರಟಿವೆಯಂತೆ, ದಯವಿಟ್ಟು ಸಮಾಧಾನದಿಂದಿರಬೇಕಂತೆ. ಬೀದಿಯಲ್ಲಿ ಎಲ್ಲರ ಮನೆಗೂ ಬಡಿದೆ. ಹಬ್ಬಕ್ಕೆ ಮಕ್ಕಳ ಮನೆಗೆ, ಅಪ್ಪ ಅಮ್ಮನ ಮನೆಗೆ ಹೋದವರು ಯಾರೂ ಹಿಂದಿರುಗಿರಲಿಲ್ಲ. ಹಿಲ್ಡಾಳ ಮುಂಬಾಗಿಲಿನ ಬೀಗವನ್ನೂ ತೆಗೆದು ನೋಡಿದೆ, ಅಲ್ಲೂ ಚಿಲಕ. ಕೋಪ ನೆತ್ತಿಗೇರಿತು. ಹೂದೋಟದ ಅಂಚಿನಿಂದ ಒಂದು ಇಟ್ಟಿಗೆ ಕಿತ್ತು ಮುಂದಿನ ಕಿಟಕಿಗೆ ಎಸೆದೆ. ಎರಡು ಪದರದ ಗಾಜಿನಲ್ಲಿ ಹೊರಗಿನದು ಉದುರಿತು, ಒಳಗಿನದು ನನ್ನನ್ನು ನೋಡುತ್ತ ನಿಂತಿತು. ಮತ್ತೆ ಎಸೆದು ಅದನ್ನೂ ಒಡೆದೆ. ಒಡೆದು ಏನು ಮಾಡಲಿ? ಕಿಟಕಿ ನನ್ನ ಎದೆಯೆತ್ತರ, ನನ್ನ ಒಂದು ಮಂಡಿ ಪ್ಲಾಸ್ಟಿಕ್ಕಿನದು, ಕ್ಲಿಫರ್ಡನಿಗೂ ಅದನ್ನು ಹತ್ತುವ ವಯಸ್ಸು ದಾಟಿತ್ತು. ಹತ್ತಲು ನೋಡಿದೆ, ಅಂಗೈ ಕೊಯ್ದುಕೊಂಡು ಕೆಳಗೆ ಕೂತೆ. ಎಪ್ಪತ್ತು ದಾಟಿದ ಹೆಂಗಸು ಹೂವಿನ ಪಾತಿಯಲ್ಲಿ ಕೂತು ಅತ್ತೆ. ಬೇರೇನೂ ಮಾಡಲಾಗಲಿಲ್ಲ.

ಹಿತ್ತಲಿಗೆ ಬಂದಾಗ ಹಿಲ್ಡಾ ಕೇಳುತ್ತಿದ್ದಳು: "ಏನದು ಸದ್ದು? ನನ್ನ ಕಿಟಕಿ ಅಲ್ಲ ತಾನೇ?"

"ಅಲ್ಲ," ಎಂದ ಕ್ಲಿಫರ್ಡ್. ಅವನು ಸುಳ್ಳು ಹೇಳಿದ್ದು ನಾನು ಮೊದಲ ಸಲ ಕೇಳಿದ್ದು.

ಅವನ ತೋಳಿನ ಪಕ್ಕದ ಸಂದಿನಲ್ಲಿ ನನ್ನ ಶಾಲನ್ನು ಸ್ವಲ್ಪ ಸ್ವಲ್ಪವೇ ಒಳಗೆ ತುರುಕಿದೆ. ಅದೇನೋ ಒಳಗೆ ಬಿತ್ತು, ಆದರೆ ಹೊದಿಸಬೇಕಾದರೆ ಇವನು ಅವಳ ಕೈ ಬಿಡಬೇಕು.

"ಒಂದು ನಿಮಿಷ ಬಿಡ್ತೀನಿ ಹಿಲ್ಡಾ, ಶಾಲು ಹೊದಿಸ್ತೀನಿ."

"ಬಿಡ್ಬೇಡ ಕಣೋ," ಎಂದಳು. ಮೂವತ್ತು ವರ್ಷದಲ್ಲಿ ಒಂದು ಬಟ್ಟಲು ಸಕ್ಕರೆಯನ್ನೂ ಸುಮ್ಮನೆ ಕೇಳದವಳು, ಬದಲಿಗೆ ಮೊಟ್ಟೆ ತಂದುಕೊಡುತ್ತಿದ್ದವಳು. "ಕೈಯೊಂದು ಬಿಡ್ಬೇಡ."

ಅವನು ಬಿಡಲಿಲ್ಲ. ನಾನು ಅವನ ಮೇಲೆ ಕಂಬಳಿ ಹೊದಿಸಿದೆ. ಬಿಷಪ್ ಎಲ್ಲಿಂದಲೋ ಬಂದು, ತನ್ನ ದಾರಿಗೆ ಇವನ ತೋಳು ಅಡ್ಡವಿರುವುದನ್ನು ನೋಡಿ ಒಂದು ಸಲ ಗದರಿ, ಕಂಬಳಿಯ ಮೇಲೆ ಅವನ ಬೆನ್ನು ಹತ್ತಿ ಕೂತಿತು.

"ಹೇಗ್ ಬಿದ್ರಿ?" ಎಂದ ಕ್ಲಿಫರ್ಡ್, ಅವಳನ್ನು ಮಾತಾಡಿಸುತ್ತಿರಬೇಕೆಂದು.

"ಸ್ಟೂಲು ಜಾರ್ತು."

"ಸ್ಟೂಲು ಯಾಕೆ ಹತ್ತಿದ್ರಿ?"

ಒಳಗೆ ಅವಳು ಕೆಮ್ಮಿದಳು.

"ಹಿಲ್ಡಾ? ಸ್ಟೂಲು ಯಾಕೆ?"

"ಚಿಲಕ ಒಂಚೂರು ಎತ್ತರ ಕಣಪ್ಪ ನಂಗೆ. ಪರವಾಗಿಲ್ಲ, ದಿನಾ ಹತ್ತಿ ಇಳಿದು ಅಭ್ಯಾಸ ಆಗಿತ್ತು. ಇವತ್ತು ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತಲ್ಲ, ಅದಕ್ಕೆ."

ಕ್ಲಿಫರ್ಡ್ ಹಣೆಯನ್ನು ಬಾಗಿಲಿಗೆ ಒತ್ತಿದ. ಆರಡಿ ಎತ್ತರದವನು ತನ್ನ ಕೈಗೆ ಸಲೀಸಾಗಿ ಸಿಗುವಲ್ಲಿ ಚಿಲಕ ಜಡಿದಿದ್ದ. ಕಳ್ಳ, ಬೆಕ್ಕು, ಬೀಗ ಎಲ್ಲರ ಅಳತೆಯನ್ನೂ ತೆಗೆದುಕೊಂಡಿದ್ದ.

"ಹೇಳ್ಬಾರ್ದಿತ್ತಾ?" ಎಂದ. "ಒಂದು ಮಾತು ಹೇಳಿದ್ರೆ ಹತ್ತು ನಿಮಿಷದ ಕೆಲಸ."

"ನೀನು ಅಷ್ಟು ಕಷ್ಟಪಟ್ಟು ಹಾಕಿದ್ದೆ. ಹೇಳಕ್ಕೆ ಮನಸ್ಸಾಗ್ಲಿಲ್ಲ. ಚೆನ್ನಾಗೇ ಕೂತಿದೆ, ನೋಡು, ಎಷ್ಟು ಗಟ್ಟಿಯಾಗಿದೆ."

ಆಮೇಲೆ ಅವನೇ ಮಾತಾಡುತ್ತ ಹೋದ. ಮುಂದಿನ ವಾರ ಚಿಲಕ ಇಳಿಸಿಕೊಡುತ್ತೇನೆ ಎಂದ. ಶಾಲೆಯ ಪುಡಿಂಗ್ ಹೇಗೆ ಮಾಡುತ್ತಿದ್ದಿರಿ ಎಂದ. ಮೊದಮೊದಲು ಅವಳು ಒಂದೆರಡು ಮಾತು ಹೇಳುತ್ತಿದ್ದಳು, ಮೊಟ್ಟೆಯ ಪುಡಿ, ನೀರು ಹೆಚ್ಚು. ಆಮೇಲೆ ಹೂಂ ಎಂದಳು. ಆಮೇಲೆ ಅದೂ ನನಗೆ ಕೇಳಿಸಲಿಲ್ಲ.

"ನಿದ್ದೆ ಬಂದಿದೆ ಅವ್ರಿಗೆ," ಎಂದ ಕ್ಲಿಫರ್ಡ್ ನನ್ನ ಕಡೆ ತಿರುಗದೆ. "ಕೈ ಮಾತ್ರ ಹಿಡ್ಕೊಂಡೇ ಇದ್ದಾರೆ."

ನಾನು ಅವನ ಕಾಲ ಬಳಿ ಕಲ್ಲಿನ ಮೇಲೆ ಕೂತಿದ್ದೆ. ಕಂಬಳಿಯ ಅಂಚನ್ನು ಅವನ ಪಾದದ ಮೇಲೆ ಎಳೆದೆ.

ಕೆಂಪು ಗಾಡಿ ಬಂದಾಗ ಬೆಳಕು ಇಳಿಯುತ್ತಿತ್ತು. ಒಬ್ಬ ಯುವಕ ನಾನು ಒಡೆದ ಕಿಟಕಿಯಿಂದಲೇ ಒಂದು ನೆಗೆತಕ್ಕೆ ಒಳಗೆ ಹೋದ. ಅವನ ಬೂಟಿನ ಸದ್ದು ಅಡುಗೆಮನೆಯವರೆಗೆ ಬಂದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಕಿಂಡಿಯ ಬಳಿ ಅವನ ದನಿ ಕೇಳಿಸಿತು, ತಗ್ಗಿಸಿದ ದನಿ.

"ಸಾರ್, ಇನ್ನು ನೀವು ಕೈ ಬಿಡಬಹುದು."

"ನಾನು ಹಿಡ್ಕೊಂಡಿಲ್ಲಪ್ಪ," ಎಂದ ಕ್ಲಿಫರ್ಡ್. "ಅವ್ರು ಹಿಡ್ಕೊಂಡಿದ್ದಾರೆ."

ಒಳಗೆ ಯುವಕ ಉಸಿರೆಳೆದುಕೊಂಡ ಸದ್ದು.

"ಆಯ್ತು ಸಾರ್. ನೀವು ಹಾಗೇ ಇರಿ. ಬೆರಳು ನಾನು ಬಿಡಿಸ್ತೀನಿ."

ಎಬ್ಬಿಸಿ ಕೂರಿಸಿದಾಗ ಕ್ಲಿಫರ್ಡನ ತೋಳು ಮಡಚಲು ಬರುತ್ತಿರಲಿಲ್ಲ. ಭುಜದ ಸುತ್ತ ಕಿಂಡಿಯ ಚೌಕಟ್ಟಿನ ಗುರುತು ಕೆಂಪಗೆ ಮೂಡಿತ್ತು. "ಕೈ ಬೆಚ್ಚಗೇ ಇತ್ತು ಬ್ರೆಂಡಾ," ಎಂದ. "ಕೊನೇವರೆಗೂ ಬೆಚ್ಚಗಿತ್ತು. ಅದಕ್ಕೇ ನಾನು ನಿದ್ದೆ ಅನ್ಕೊಂಡೆ." ಈಗಲೂ ಇದ್ದಕ್ಕಿದ್ದಂತೆ ಇದನ್ನೇ ಹೇಳುತ್ತಾನೆ, ನನ್ನ ಮುಖ ನೋಡುತ್ತಾನೆ. ಅದು ನಿನ್ನ ಕೈಯದೇ ಬಿಸಿ ಕಣೋ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೌದು, ಬೆಚ್ಚಗಿತ್ತು ಎನ್ನುತ್ತೇನೆ.

ಮಣ್ಣು ಮಾಡಿದ ಮರುದಿನ ಅವನು ಬದಲಿ ಬೀಗದ ಕೈಯನ್ನೂ ಸಲಕರಣೆಯ ಪೆಟ್ಟಿಗೆಯನ್ನೂ ಎತ್ತಿಕೊಂಡು ಹೊರಟ. ಹಿಂದೆ ಹೋಗಿ ನೋಡಿದರೆ ಆ ಖಾಲಿ ಅಡುಗೆಮನೆಯಲ್ಲಿ ಚಿಲಕದ ಸ್ಕ್ರೂ ಬಿಚ್ಚುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ಬೇಡ ಎನ್ನಬೇಕೆಂದಿದ್ದೆ.

"ಒಳ್ಳೇ ಸಮಯಕ್ಕೆ ಬಂದೆ," ಎಂದ, ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆಯುತ್ತ. "ಇಲ್ಲಿ ಬಂದು ನಿಂತ್ಕೋ. ಅವ್ರು ನಿನ್ನ ಭುಜಕ್ಕೆ ಬರ್ತಿದ್ರು ಅಲ್ವಾ? ಸ್ವಲ್ಪ ಬಗ್ಗು. ಇನ್ನೂ ಸ್ವಲ್ಪ. ಹಾಂ, ಈಗ ಕೈ ಎತ್ತು ನೋಡೋಣ."

ನಾನು ಬಾಗಿಲ ಮುಂದೆ ಬಗ್ಗಿ ನಿಂತು ಕೈ ಎತ್ತಿದೆ.